377 ಕೇಸ್ (ಸಲಿಂಗ ಸಂಬಂಧದ ಕೇಸ್) ಹಾಕಿಸ್ತೀನಿ ಅಂತ ಹೆದರಿಸುತ್ತಿದ್ದಾನೆ, ಒಂದೇ ಸಲ ದುಡ್ಡು ಕೊಟ್ಟು ಮುಗಿಸಬಹುದಾ?

ಕೊಡಬೇಡಿ. ಇಪ್ಪತ್ತು ಸಾವಿರ ಕೇಳುತ್ತಿದ್ದಾನೆ, ಹತ್ತಕ್ಕೆ ಒಪ್ಪಿಸಬಹುದಾ ಎಂದು ಬರೆದಿದ್ದೀರಿ. ಆ ಸಾಲು ಓದಿ ಹೊಟ್ಟೆ ತೊಳಸಿದಂತಾಯಿತು. ಇದೇ ಚೌಕಾಸಿ ನಾನೂ ಮಾಡಿದ್ದೆ.

2014ರ ಜನವರಿ. ಬೆಂಗಳೂರಿಗೆ ಬಂದು ಎರಡು ವರ್ಷವಾಗಿತ್ತು. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ಐಪಿಸಿ (ಆಗಿನ ಭಾರತೀಯ ದಂಡ ಸಂಹಿತೆ) 377ನೇ ಸೆಕ್ಷನ್ ವಿಚಾರದಲ್ಲಿ 2009ರಲ್ಲಿ ದೆಹಲಿ ಹೈಕೋರ್ಟ್ ನಮ್ಮಂಥವರ ಪರ ಕೊಟ್ಟಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ ಅದೇ ತಾನೇ, 2013ರ ಡಿಸೆಂಬರ್ 11ಕ್ಕೆ, ತೆಗೆದುಹಾಕಿತ್ತು. ಡೇಟಿಂಗ್ ಆಪ್‌ನಲ್ಲಿ ಪರಿಚಯವಾದವನೊಬ್ಬ ಎರಡನೇ ಭೇಟಿಯಲ್ಲಿ ಫೋನ್ ನನ್ನ ಮುಂದೆ ಹಿಡಿದ. ಪೇಪರ್‌ನಲ್ಲಿ ಬಂದ ತೀರ್ಪಿನ ಸುದ್ದಿಯ ಫೋಟೋ. ಬೆರಳಲ್ಲಿ ಸರಿಸಿದರೆ ನಮ್ಮ ಚಾಟ್. "ಹತ್ತು ವರ್ಷ ಒಳಗೆ ಹೋಗ್ತೀಯ, ನಿಮ್ಮಪ್ಪಂಗೂ ಕಳಿಸ್ತೀನಿ" ಎಂದ. ಹದಿನೈದು ಸಾವಿರ ಕೇಳಿದ.

"ಈಗ ಎಂಟು ತಗೋ, ಉಳಿದದ್ದು ಒಂದನೇ ತಾರೀಖು ಸಂಬಳ ಬಂದಮೇಲೆ" ಎಂದೆ. ಎಟಿಎಂನಲ್ಲಿ ಎರಡು ಸಲ ಪಿನ್ ತಪ್ಪು ಒತ್ತಿದೆ.

ನನ್ನ ತಪ್ಪು ಆ ಒಂದು ಮಾತು. ಅಲ್ಲಿವರೆಗೆ ಅವನು ಕತ್ತಲಲ್ಲಿ ಕಲ್ಲು ಎಸೆಯುತ್ತಿದ್ದ. ನಾನು ಎಷ್ಟು ಹೆದರುತ್ತೇನೆ ಎಂದು ಅವನಿಗೆ ಗೊತ್ತಿರಲಿಲ್ಲ. ಎಂಟು ಸಾವಿರ ಕೊಟ್ಟು ನಾನೇ ತಿಳಿಸಿದೆ. ಅಷ್ಟೇ ಅಲ್ಲ, ಕೈಯಲ್ಲಿ ದುಡ್ಡು ಯಾವಾಗ ಇರುತ್ತದೆ ಎಂದೂ ಹೇಳಿಕೊಟ್ಟೆ. ಮುಂದೆ ಹದಿನಾಲ್ಕು ತಿಂಗಳು, ಪ್ರತಿ ಒಂದನೇ ತಾರೀಖು ಬೆಳಿಗ್ಗೆ ಅವನ ಮೆಸೇಜ್ ಬರುತ್ತಿತ್ತು. ಬ್ಯಾಂಕಿನ ಮೆಸೇಜ್ ಬರುವ ಮುಂಚೆಯೇ. ಒಟ್ಟು ಒಂದು ಲಕ್ಷ ನಲವತ್ತು ಸಾವಿರ ಹೋಯಿತು. ಬೈಕ್ ಮಾರಿದೆ. ಹಬ್ಬಕ್ಕೂ ಊರಿಗೆ ಹೋಗುವುದನ್ನು ಬಿಟ್ಟೆ.

ಕೊನೆಗೆ ಸ್ನೇಹಿತನೊಬ್ಬ ವಕೀಲರೊಬ್ಬರ ಹತ್ತಿರ ಎಳೆದುಕೊಂಡು ಹೋದ. ಆ ಮೇಡಂ ಐಪಿಸಿ ಪುಸ್ತಕದಲ್ಲಿ 377 ತೆಗೆಯಲೇ ಇಲ್ಲ, 389 ತೆಗೆದರು. ಕೇಸ್ ಹಾಕಿಸ್ತೀನಿ ಎಂದು ಹೆದರಿಸಿ ದುಡ್ಡು ಕೀಳಲು ಹೋದರೆ ಹತ್ತು ವರ್ಷದವರೆಗೆ ಶಿಕ್ಷೆ. ಹೆದರಿಸುವುದು 377ರ ಹೆಸರಲ್ಲಾದರೆ ಜೀವಾವಧಿವರೆಗೂ ಹೋಗಬಹುದು. ಅವನು ನನ್ನನ್ನು ಹೆದರಿಸಲು ಹಿಡಿದ ಅದೇ ಐಪಿಸಿ! ಮೇಡಂ ಅವನಿಗೆ ಫೋನ್ ಮಾಡಿ ಇದನ್ನು ಓದಿ ಹೇಳಿದರು. ಆಮೇಲೆ ಅವನ ಮೆಸೇಜ್ ಬರಲೇ ಇಲ್ಲ.

ನಿಮ್ಮ ಸ್ಥಿತಿ ನನ್ನದಕ್ಕಿಂತ ಎಷ್ಟೋ ಗಟ್ಟಿ. ಇಬ್ಬರೂ ವಯಸ್ಕರು, ಇಬ್ಬರ ಒಪ್ಪಿಗೆಯೂ ಇತ್ತು ಎಂದಿದ್ದೀರಿ. ಅದು ಅಪರಾಧವಲ್ಲ ಎಂದು 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಹೇಳಿದ್ದಾರೆ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ರಂಥ ಸೆಕ್ಷನ್ನೇ ಇಲ್ಲ. ಆದರೆ ಅವನು ಮಾಡುತ್ತಿರುವ ಸುಲಿಗೆ 308ನೇ ಸೆಕ್ಷನ್‌ಗೆ ಬರುತ್ತದೆ, ಏಳು ವರ್ಷದವರೆಗೆ ಜೈಲು.

ಚಾಟ್ ಅಳಿಸಬೇಡಿ. ನಾನು ಹೆದರಿ ಎಲ್ಲ ಅಳಿಸಿದ್ದೆ, ಮೇಡಂ ಮೊದಲು ಕೇಳಿದ್ದೇ ಅದನ್ನು. ಸ್ಕ್ರೀನ್‌ಶಾಟ್, ಅವನ ನಂಬರ್, ದುಡ್ಡು ಕೇಳಿದ ಯುಪಿಐ ಐಡಿ ಎಲ್ಲ ಇಟ್ಟುಕೊಂಡು ದೂರು ಕೊಡಿ. ಯಾವ ಸ್ಟೇಷನ್ನಿನಲ್ಲಾದರೂ ಕೊಡಬಹುದು. ನಮ್ಮ ವ್ಯಾಪ್ತಿ ಅಲ್ಲ ಎಂದರೆ ಝೀರೋ ಎಫ್‌ಐಆರ್ (ವ್ಯಾಪ್ತಿ ನೋಡದೆ ದಾಖಲಿಸುವ ಎಫ್‌ಐಆರ್) ಕೇಳಿ. ಒಬ್ಬರೇ ಹೋಗಬೇಡಿ, ವಕೀಲರಿದ್ದರೆ ಒಳ್ಳೆಯದು.

ಇನ್ನೊಂದು ಮಾತು. ನಿಮ್ಮ ಪ್ರಶ್ನೆ ತುಂಬ ಕೇಸಿನ ಮಾತೇ ಇದೆ, ಮನೆಯವರಿಗೆ ಗೊತ್ತಾದರೆ ಎನ್ನುವ ಮಾತು ಕೊನೆಯ ಅರ್ಧ ಸಾಲು. ನಿಜವಾದ ಭಯ ಅದೇ ಅಲ್ವಾ? ನನಗೂ ಅದೇ ಆಗಿತ್ತು. ಅದಕ್ಕೆ ಅವನ ಮುಂದಿನ ಮೆಸೇಜ್ ಬರುವ ಮುಂಚೆ, ಇವತ್ತೇ, ನಂಬಿಕೆ ಇರುವ ಒಬ್ಬರಿಗೆ ವಿಷಯ ಹೇಳಿ. ಯಾರೂ ಇಲ್ಲ ಅನಿಸಿದರೆ ಇಲ್ಲೇ ನನಗೆ ಬರೆಯಿರಿ.