ಒಂದೇ ರಿಪೋರ್ಟ್ ನೋಡಿ ತಲೆ ಮೇಲೆ ಕೈ ಹೊತ್ತು ಕೂರಬೇಡಿ

ಪ್ರಶ್ನೆ: ಡಾಕ್ಟ್ರೇ, ನನಗೆ 33 ವರ್ಷ. ಮದುವೆಯಾಗಿ ಎರಡು ವರ್ಷ ದಾಟಿದರೂ ಮಗುವಾಗಿಲ್ಲ. ಹೆಂಡತಿಗೆ 31. ಅವಳ ಸ್ಕ್ಯಾನ್, ರಕ್ತಪರೀಕ್ಷೆ, ಟ್ಯೂಬ್ (ಗರ್ಭನಾಳ) ಪರೀಕ್ಷೆ ಎಲ್ಲ ಮುಗಿದು ನಾರ್ಮಲ್ ಬಂದ ಮೇಲೆ ನನ್ನದೂ ಆಗಲಿ ಎಂದರು. ಕೂಡಿಟ್ಟರೆ ಜಾಸ್ತಿ ಇರುತ್ತದೆ ಅಂತ 15 ದಿನ ತಡೆದುಕೊಂಡು ವೀರ್ಯದ ಸ್ಯಾಂಪಲ್ ಕೊಟ್ಟೆ. ಗಾಬರಿಯಲ್ಲಿ ಮೊದಲು ಬಂದದ್ದು ಡಬ್ಬಿಯ ಹೊರಗೆ ಬಿತ್ತು. ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ. ರಿಪೋರ್ಟ್ ಹೀಗಿದೆ: ಪ್ರಮಾಣ 1.1 ಎಂಎಲ್, ಒಂದು ಎಂಎಲ್‌ಗೆ 90 ಲಕ್ಷ ವೀರ್ಯಾಣು, ಚಲನೆ 28%, ಸರಿಯಾದ ಆಕಾರ 3%. ಅಂದರೆ ನೂರಕ್ಕೆ 97 ಕೆಟ್ಟಿವೆ ಅಂತ ಅಲ್ವಾ? ಆರು ವಾರದ ಹಿಂದೆ ನಾಲ್ಕು ದಿನ ಜೋರು ಜ್ವರ ಬಂದಿತ್ತು. ಅದು ಬಿಟ್ಟರೆ ಆರೋಗ್ಯವಾಗಿದ್ದೇನೆ. ನನಗೆ ಮಕ್ಕಳಾಗುವುದೇ ಇಲ್ವಾ?

ಉತ್ತರ: ಯಾರಿಗೂ ಹೇಳಲಿಲ್ಲ ಎಂದಿರಲ್ಲ, ಲ್ಯಾಬಿನವರಿಗೆ ಅದನ್ನೇ ಮೊದಲು ಹೇಳಬೇಕಿತ್ತು! ವೀರ್ಯ ಒಂದೇ ಸಮನೆ ಬರುವುದಿಲ್ಲ. ವೀರ್ಯಾಣುಗಳು ಹೆಚ್ಚಾಗಿರುವುದು ಮೊದಲು ಚಿಮ್ಮುವ ಭಾಗದಲ್ಲಿ. ಆಮೇಲೆ ಬರುವುದು ಬಹುಪಾಲು ದ್ರವ. ನೀವು ಕೆನೆ ಚೆಲ್ಲಿ ಉಳಿದ ಹಾಲನ್ನು ಅಳೆಯಲು ಕೊಟ್ಟಿದ್ದೀರಿ. ಇದು ಎಷ್ಟೋ ಜನರಿಗೆ ಆಗುತ್ತದೆ. ‘ಸ್ವಲ್ಪ ಹೊರಗೆ ಹೋಯಿತು’ ಎಂದರೆ ಅವರು ರಿಪೋರ್ಟಿನಲ್ಲೇ ಬರೆಯುತ್ತಾರೆ, ಇಲ್ಲವೇ ಇನ್ನೊಂದು ದಿನ ಬನ್ನಿ ಎನ್ನುತ್ತಾರೆ.

ಇನ್ನು 15 ದಿನ ಕೂಡಿಟ್ಟ ವಿಷಯ. ಇದು ಬ್ಯಾಂಕ್ ಖಾತೆಯಲ್ಲ. ಜಾಸ್ತಿ ದಿನ ನಿಂತರೆ ಹಳೆಯವು ಸತ್ತು, ಸೊರಗಿ ಅಲ್ಲೇ ಉಳಿಯುತ್ತವೆ, ಚಲನೆ ಕಡಿಮೆಯಾಗುತ್ತದೆ. ಕೊನೆಯ ಸಲ ವೀರ್ಯ ಹೋದ ಮೇಲೆ ಪರೀಕ್ಷೆಗೆ ಬೇಕಾದ ಅಂತರ ಕನಿಷ್ಠ 2 ದಿನ, ಹೆಚ್ಚೆಂದರೆ 7.

ಜ್ವರದ ಬಗ್ಗೆ ನನ್ನದೇ ಕತೆ ಹೇಳುತ್ತೇನೆ. ವಿದ್ಯಾರ್ಥಿಯಾಗಿದ್ದಾಗ ಲ್ಯಾಬಿನಲ್ಲಿ ಕಲಿಯಲು ಸ್ಯಾಂಪಲ್ ಬೇಕಾಗಿತ್ತು. ಯಾರೂ ಮುಂದೆ ಬರಲಿಲ್ಲ, ನಾನು ಜಂಬದಿಂದ ಕೊಟ್ಟೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ, ಹೊಂಡದ ಗೊದಮೊಟ್ಟೆಗಳ ಹಾಗೆ ಗಿಜಿಗುಡಬೇಕಾದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು. ಒಂದು ನಿಂತಲ್ಲೇ ಬಾಲ ಅಲ್ಲಾಡಿಸುತ್ತಿತ್ತು. ಇನ್ನೊಂದು ಸುಮ್ನೆ ಗಿರಕಿ ಹೊಡೆಯುತ್ತಿತ್ತು. ನನ್ನ ಕೈಕಾಲು ತಣ್ಣಗಾಯಿತು. ಮೇಷ್ಟ್ರು ಇಣುಕಿ ನೋಡಿ, ‘ಈಚೆಗೆ ಜ್ವರ ಬಂದಿತ್ತೇನಯ್ಯಾ?’ ಎಂದರು. ಬಂದಿತ್ತು. ‘ಮೂರು ತಿಂಗಳು ಬಿಟ್ಟು ಬಾ, ಆಮೇಲೆ ಅಳು’ ಎಂದರು. ಮೂರು ತಿಂಗಳ ನಂತರ ಅದೇ ಗಾಜಿನ ಚೂರಿನ ಮೇಲೆ ಜಾತ್ರೆ.

ಮೂರು ತಿಂಗಳೇ ಯಾಕೆ? ವೃಷಣದಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಆಮೇಲೆ ಪಕ್ಕದ ಸುರುಳಿ ನಾಳದಲ್ಲಿ ಒಂದೆರಡು ವಾರ ಇದ್ದು ಈಜು ಕಲಿಯುತ್ತದೆ. ವೃಷಣ ದೇಹದ ಹೊರಗೆ ತೂಗುವುದೇ ಮೈಶಾಖಕ್ಕಿಂತ 2ರಿಂದ 4 ಡಿಗ್ರಿ ತಣ್ಣಗಿರಲಿ ಅಂತ. ಜೋರು ಜ್ವರ ಆ ಏರ್ಪಾಡನ್ನೇ ಕೆಡಿಸುತ್ತದೆ. ಆಗ ಅರೆಬರೆ ತಯಾರಾಗಿದ್ದವು ಹಾಳಾಗುತ್ತವೆ. ನೀವು ಇವತ್ತು ಕೊಟ್ಟ ಸ್ಯಾಂಪಲ್ ಹಿಂದಿನ ಎರಡು ಮೂರು ತಿಂಗಳ ದಿನಚರಿ ಎಂದುಕೊಳ್ಳಿ.

ಇನ್ನು ಆ 97. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಆಕಾರದ ಕೆಳಗಿನ ಗೆರೆಯೇ 4%. ಅಂದರೆ ನೂರರಲ್ಲಿ 96 ಸೊಟ್ಟ ತಲೆ, ಡೊಂಕು ಬಾಲ ಇದ್ದರೂ ಸರಿಯೇ. ಉಳಿದ ಗೆರೆಗಳು: ಪ್ರಮಾಣ 1.4 ಎಂಎಲ್, ಒಂದು ಎಂಎಲ್‌ಗೆ 1.6 ಕೋಟಿ, ಒಟ್ಟು 3.9 ಕೋಟಿ, ಚಲನೆ 42%. ಈ ಅಂಕಿಗಳು ಎಲ್ಲಿಂದ ಬಂದವು ಗೊತ್ತೇ? ಪ್ರಯತ್ನ ಶುರುಮಾಡಿ ಒಂದು ವರ್ಷದೊಳಗೆ ಹೆಂಡತಿ ಬಸುರಾದ ಗಂಡಸರನ್ನೇ ಅಳೆದು, ಅವರಲ್ಲಿ ತೀರ ಕೆಳಗಿನ 5% ಜನರನ್ನು ಬಿಟ್ಟು ಗೆರೆ ಎಳೆದಿದ್ದಾರೆ. ಆ ಗೆರೆಯ ಕೆಳಗಿದ್ದ 5% ಜನರೂ ಅಪ್ಪಂದಿರೇ! ಪಾಸು-ಫೇಲು ಅಂತ ಓದಬೇಡಿ.

ಹಾಗಂತ ನಿಮ್ಮಲ್ಲಿ ಏನೂ ತೊಂದರೆ ಇಲ್ಲ ಎಂದು ನಾನು ಹೇಳುತ್ತಿಲ್ಲ. ಜ್ವರ ಬಿಟ್ಟು ಮೂರು ತಿಂಗಳಾದ ಮೇಲೆ, 3-4 ದಿನ ಮಾತ್ರ ತಡೆದುಕೊಂಡು, ಇನ್ನೊಮ್ಮೆ ಕೊಡಿ. ಲ್ಯಾಬಿನಲ್ಲೇ ಕೊಡುವುದು ಒಳ್ಳೆಯದು. ಮನೆಯಿಂದ ತರುವುದಾದರೆ ಡಬ್ಬಿ ಜೇಬಿನಲ್ಲಿ ಬೆಚ್ಚಗಿರಲಿ, ಒಂದು ಗಂಟೆಯೊಳಗೆ ತಲುಪಲಿ. ಜೆಲ್, ಎಣ್ಣೆ, ಎಂಜಲು ಬೇಡ, ಮಾಮೂಲಿ ಕಾಂಡೋಮಂತೂ ಬೇಡವೇ ಬೇಡ. ಅಷ್ಟರೊಳಗೆ ಯೂರಾಲಜಿಸ್ಟ್ ಒಬ್ಬರು ನಿಮ್ಮನ್ನು ನಿಲ್ಲಿಸಿ ಕೈಯಿಂದ ಮುಟ್ಟಿ ಪರೀಕ್ಷಿಸಲಿ. ಎಡವೃಷಣದ ಮೇಲೆ ಎರೆಹುಳುಗಳ ಗಂಟಿನಂತೆ ರಕ್ತನಾಳ ಉಬ್ಬಿದ್ದರೆ ಅದು ವೆರಿಕೊಸೀಲ್. ಮಕ್ಕಳಾಗದ ಗಂಡಸರಲ್ಲಿ ಬಹಳ ಸಾಮಾನ್ಯ, ಚಿಕಿತ್ಸೆಯೂ ಇದೆ. ಚಿಕ್ಕಂದಿನಲ್ಲಿ ವೃಷಣ ಇಳಿದಿರಲಿಲ್ಲವೇ, ದೊಡ್ಡವರಾದ ಮೇಲೆ ಮಂಗನಬಾವು ಬಂದು ವೃಷಣ ಊದಿತ್ತೇ, ಈಗ ಗಟ್ಟಿ ಗಂಟು ಸಿಗುತ್ತಿದೆಯೇ? ಇದ್ದರೆ ಮೂರು ತಿಂಗಳು ಕಾಯಬೇಡಿ. ಸಿಗರೇಟ್ ಇದ್ದರೆ ಬಿಡಿ. ಲ್ಯಾಪ್‌ಟಾಪನ್ನು ತೊಡೆ ಬಿಟ್ಟು ಮೇಜಿಗೆ ಏರಿಸಿ.

ಮಾತ್ರೆ ಕೊಳ್ಳುವ ಮೊದಲು ಇದೊಂದು ಓದಿ. ಜಿಂಕ್ ಮತ್ತು ಫೋಲಿಕ್ ಆಸಿಡ್ ಕೊಟ್ಟರೆ ಪ್ರಯೋಜನವಾಗುತ್ತದೆಯೇ ಎಂದು 2,370 ಗಂಡಸರ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ವೀರ್ಯವೂ ಸುಧಾರಿಸಲಿಲ್ಲ, ಹುಟ್ಟಿದ ಮಕ್ಕಳ ಸಂಖ್ಯೆಯೂ ಏರಲಿಲ್ಲ.

ಒಂದು ಬೈಗುಳವೂ ಇದೆ, ನಿಮಗಲ್ಲ, ನಿಮ್ಮನ್ನು ಕೊನೆಗೆ ಕರೆದವರಿಗೆ. ಮಗುವಾಗದ ಜೋಡಿಗಳಲ್ಲಿ ಹತ್ತಿರ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಡಬ್ಬಿಯಲ್ಲಿ ಮುಗಿಯುವ ಪರೀಕ್ಷೆಯನ್ನು ಕೊನೆಗಿಟ್ಟು, ಆಕೆಗೆ ನೋವಾಗುವ ಟ್ಯೂಬ್ ಪರೀಕ್ಷೆಯನ್ನು ಮೊದಲು ಮಾಡಿಸುವುದು ಯಾವ ನ್ಯಾಯ?

ಪ್ರಶ್ನೆ: ವೀರ್ಯ ನೀರಾಗಿದೆ. ಶಕ್ತಿ ಕಡಿಮೆ ಅಂತಲೇ?

ಉತ್ತರ: ನೋಡಿ ಹೇಳಲು ಬರುವುದಿಲ್ಲ. ವೀರ್ಯ ಮೊದಲು ಲೋಳೆಯಂತೆ ಗಟ್ಟಿಯಾಗಿ, 15-30 ನಿಮಿಷದಲ್ಲಿ ತಾನೇ ನೀರಾಗಬೇಕು. ನೀರಾಗದಿದ್ದರೆ ಲ್ಯಾಬಿನವರು ಹುಬ್ಬೇರಿಸುತ್ತಾರೆ. ಅದರಲ್ಲಿ ವೀರ್ಯಾಣುಗಳ ಪಾಲು ನೂರಕ್ಕೆ ಐದೂ ದಾಟುವುದಿಲ್ಲ, ಉಳಿದದ್ದೆಲ್ಲ ಗ್ರಂಥಿಗಳ ರಸ. ವ್ಯಾಸೆಕ್ಟಮಿ (ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡವರ ವೀರ್ಯವೂ ಕಣ್ಣಿಗೆ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ, ಒಳಗೆ ಒಂದೂ ಇರುವುದಿಲ್ಲ. ಕೆಂಪು ಕಂಡರೆ ಅಥವಾ ಉರಿ, ವಾಸನೆ ಇದ್ದರೆ ಮಾತ್ರ ತೋರಿಸಿಕೊಳ್ಳಿ.

ಪ್ರಶ್ನೆ: ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. ಜಿಮ್ಮಿನಲ್ಲಿ ಟೆಸ್ಟೋಸ್ಟೆರಾನ್ (ಗಂಡು ಹಾರ್ಮೋನ್) ಇಂಜೆಕ್ಷನ್ ತಗೋ, ‘ಗಂಡಸ್ತನ’ ಹೆಚ್ಚುತ್ತದೆ ಎನ್ನುತ್ತಾರೆ.

ಉತ್ತರ: ಮೈಕಟ್ಟು ಹೆಚ್ಚಬಹುದು, ವೀರ್ಯಾಣುಗಳ ಕೌಂಟ್ ಸೊನ್ನೆಗೂ ಇಳಿಯಬಹುದು. ಹೊರಗಿನಿಂದ ಬಂದದ್ದನ್ನು ನೋಡಿದ ಮೆದುಳು ‘ಸಾಕಷ್ಟಿದೆ’ ಎಂದು ವೃಷಣಕ್ಕೆ ಆದೇಶ ಕೊಡುವುದನ್ನೇ ನಿಲ್ಲಿಸುತ್ತದೆ. ಕೆಲಸವಿಲ್ಲದ ವೃಷಣ ಸಣ್ಣಗಾಗುತ್ತದೆ. ಬಿಟ್ಟ ಮೇಲೆ ಬಹಳ ಜನರಿಗೆ ಮರಳುತ್ತದೆ, ಆದರೆ ಆರು ತಿಂಗಳು, ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಈಗಾಗಲೇ ಚುಚ್ಚಿಸಿಕೊಂಡಿದ್ದರೆ ಮುಚ್ಚಿಡಬೇಡಿ. ಬಾಟಲಿಯ ಮೇಲಿನ ಹೆಸರಿನ ಫೋಟೊ ತೆಗೆದು ಡಾಕ್ಟರಿಗೆ ತೋರಿಸಿ.