ಝೊಟೆರೊ ನಮ್ಮ ಲೇಖಕರ ಹೆಸರನ್ನು ಯಾಕೆ ಕೆಡಿಸುತ್ತದೆ?

ಹೆಸರು ತಪ್ಪು ಜಾಗದಲ್ಲಿ ಕೂತಿರುತ್ತದೆ, ಅಷ್ಟೇ. ಆಧಾರ ಗ್ರಂಥಗಳನ್ನು ಜೋಡಿಸಿಕೊಡುವ ತಂತ್ರಾಂಶ ಝೊಟೆರೊ ಪ್ರತಿ ಹೆಸರನ್ನೂ ಎರಡು ತುಂಡು ಮಾಡಿ ಇಡುತ್ತದೆ: ಮನೆತನದ ಹೆಸರು, ಸ್ವಂತ ಹೆಸರು. ಆಧಾರ ತೋರಿಸುವ ಒಂದು ಪದ್ಧತಿಯಾದ ಎಪಿಎ ಶೈಲಿಯಲ್ಲಿ, ಬರಹದ ನಡುವೆ ಆವರಣದೊಳಗೆ ವರ್ಷದ ಜೊತೆ ಬರುವುದು ಹೆಸರಿನ ಮೊದಲ ತುಂಡು ಮಾತ್ರ. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ, ಅಲ್ವಾ? ಹಾಗಾಗಿ ‘ಕೆ. ರಾಮಪ್ಪ’ ಎಂಬಲ್ಲಿ ‘ರಾಮಪ್ಪ’ ಮೊದಲ ಜಾಗಕ್ಕೆ ಹೋಗಬೇಕು. ಅದಲುಬದಲಾದರೆ ಪಾಪ, ಅವರು ‘(ಕೆ., 2019)’ ಆಗಿಬಿಡುತ್ತಾರೆ.

ಕಾವ್ಯನಾಮ ಅಥವಾ ಸಂಸ್ಥೆಯ ಹೆಸರಾದರೆ ಪಕ್ಕದ ಪುಟ್ಟ ಬಟನ್ ಒತ್ತಿ ಎರಡನ್ನೂ ಒಂದೇ ಜಾಗ ಮಾಡಿ. ಆಗ ‘ಕನ್ನಡ ವಿಶ್ವವಿದ್ಯಾಲಯ’ ಒಡೆಯುವುದಿಲ್ಲ.

ತಿದ್ದುವುದು ಝೊಟೆರೊದಲ್ಲೇ ಇರಲಿ. ಆಮೇಲೆ ವರ್ಡ್‌ನಲ್ಲಿರುವ ಝೊಟೆರೊ ಟ್ಯಾಬ್‌ನಲ್ಲಿ ರಿಫ್ರೆಶ್ ಒತ್ತಿ. ವರ್ಡ್‌ನಲ್ಲಿರುವ ಆಧಾರ ಗ್ರಂಥಗಳ ಪಟ್ಟಿಯಲ್ಲಿ ಕೈಯಾರೆ ತಿದ್ದಿದರೆ ಮುಂದಿನ ರಿಫ್ರೆಶ್‌ಗೆ ಅದೆಲ್ಲ ಅಳಿಸಿಹೋಗುತ್ತದೆ.