ಸ್ಕ್ವೀಜಿಗೆ ಹಿಡಿ ಹಾಕುವ ಮೊದಲು ಲಾರಿ ಕೆಳಗೆ ಬಗ್ಗಿ ನೋಡಿ

ಗಣಪತಿ ಹಬ್ಬ ಹತ್ತಿರ ಬಂತೆಂದರೆ ಪುಣೆ, ಮುಂಬೈಯ ಸ್ಟಿಕ್ಕರ್ ಅಂಗಡಿಗಳಿಗೆ ಸುಗ್ಗಿ. ಮಂಡಳಗಳ ಬೋರ್ಡು, ಟೆಂಪೊ, ಕಮಾನು ಎಲ್ಲಕ್ಕೂ ವಿನೈಲ್ ಬೇಕು, ಅಂದರೆ ಹಿಂದೆ ಅಂಟಿರುವ ಪ್ಲಾಸ್ಟಿಕ್ ಹಾಳೆ. ರಾತ್ರಿ ಎರಡರವರೆಗೂ ಕೆಲಸ. ಆಮೇಲೆ ಬೆರಳು ನೋವು. ಅದರ ಹಿಂದೆಯೇ ನನಗೊಂದು ಮೆಸೇಜು: 'ಸರ್, ಸ್ಕ್ವೀಜಿಗೆ ಒಳ್ಳೆ ಹಿಡಿ ಮಾಡೋದು ಹೇಗೆ?' ಸ್ಕ್ವೀಜಿ ಅಂದರೆ ವಿನೈಲ್ ಅಂಟಿಸುವಾಗ ಒತ್ತಿ ಎಳೆದು ಗಾಳಿಗುಳ್ಳೆ ಹೊರಗೆ ತಳ್ಳುವ ಪಟ್ಟಿ.

ಪುಣೆ ಹತ್ತಿರದ ಭೋಸರಿಯಲ್ಲಿ ಕೈ ಉಪಕರಣಗಳಿಗೆ ಹಿಡಿ ಮಾಡುತ್ತಾ ನನಗೆ 22 ವರ್ಷ ಆಯಿತು. ಈ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದುಬಿಡುತ್ತಿದ್ದೇನೆ. ವಿನೈಲ್ ಅಂಟಿಸುವುದು ಹೇಗೆ ಎಂದು ಮಾತ್ರ ಕೇಳಬೇಡಿ. ಅದು ಗೊತ್ತಿಲ್ಲದವರಿಗೆ ಹಿಡಿಯ ಚಿಂತೆ ಈಗಲೇ ಬೇಡ.

ಪ್ರಶ್ನೆ: ನಿಗಡಿಯಲ್ಲಿ ನಮ್ಮ ಸ್ಟಿಕ್ಕರ್ ಅಂಗಡಿ ಇದೆ. ಲಾರಿ, ಟೆಂಪೊ, ಕಾರಿನ ಕೆಲಸ ಜಾಸ್ತಿ. ಬಳುಕುವ ಪ್ಲಾಸ್ಟಿಕ್ ಸ್ಕ್ವೀಜಿ ಹಿಡಿದು ಸಂಜೆ ಹೊತ್ತಿಗೆ ಹೆಬ್ಬೆರಳು ಎತ್ತಲಾಗುವುದಿಲ್ಲ. ಹಾಗಾಗಿ ನೆಲದ ವೈಪರ್‌ಗೆ ಇರುವ ಹಾಗೆ ಪೂರ್ತಿ ಅಗಲಕ್ಕೆ ಮರದ ಹಿಡಿ ಮಾಡಿ ಅಂಟಿಸಿದೆ. ಕೈಗೆ ಆರಾಮ ಆಯ್ತು, ಆದರೆ ಬಾನೆಟ್ ಮೇಲೆ ಗುಳ್ಳೆ ಉಳಿಯುತ್ತಿದೆ. ಮರದ ಬದಲು ಅಲ್ಯೂಮಿನಿಯಂ ಹಾಕಲಾ?

ಹಾಕಬೇಡಿ. ಮರ ಏನೂ ತಪ್ಪು ಮಾಡಿಲ್ಲ. 'ಪೂರ್ತಿ ಅಗಲಕ್ಕೆ' ಅಂದಿರಲ್ಲ, ಎಡವಿದ್ದು ಅಲ್ಲಿ. 'ಅಂಟಿಸಿದೆ' ಅಂದಿರಲ್ಲ, ಅದು ಎರಡನೇ ತಪ್ಪು.

ಬಾನೆಟ್ ನಡುವೆ ಉಬ್ಬಿರುತ್ತದೆ. ಅದರ ಮೇಲೆ ನೆಟ್ಟಗಿನ ಪಟ್ಟಿ ಇಟ್ಟರೆ ನಡುಭಾಗ ಮಾತ್ರ ತಾಗುತ್ತದೆ, ಎರಡು ತುದಿ ಗಾಳಿಯಲ್ಲಿ ನಿಲ್ಲುತ್ತವೆ. ಬಾಗಿಲಿನ ತಗ್ಗಿನಲ್ಲಿ ಇದರ ಉಲ್ಟಾ: ತುದಿ ತಾಗುತ್ತದೆ, ನಡು ತಾಗುವುದಿಲ್ಲ. ಗಾಳಿ ಅಲ್ಲೇ ಕೂತುಬಿಡುತ್ತದೆ. ನೀವು ದುಡ್ಡು ಕೊಟ್ಟು ತಂದದ್ದೇ ಆ ಬಳುಕನ್ನು. ಅದಕ್ಕೆ ಬೆನ್ನುದ್ದಕ್ಕೂ ಮರ ಬಡಿದು ಸ್ಕೇಲು ಮಾಡಿಕೊಂಡಿದ್ದೀರಿ.

ಈಗ ಅಂಟಿನ ವಿಷಯ. ಇದನ್ನು ಯಾರೂ ಯೋಚಿಸುವುದಿಲ್ಲ. ಪಟ್ಟಿಯ ಬಿಗಿತ ಅದರ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟು. ಒಂದೇ ತರಹದ ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಸುಮ್ನೆ ಇಟ್ಟು ಬಗ್ಗಿಸಿ. ಒಂದರ ಮೇಲೆ ಇನ್ನೊಂದು ಜಾರುತ್ತದೆ, ಬಿಗಿತ ಎರಡೇ ಪಟ್ಟು. ಅವೇ ಎರಡನ್ನು ಅಂಟಿಸಿ ಬಗ್ಗಿಸಿ. ಜಾರುವುದಕ್ಕೆ ಜಾಗ ಇಲ್ಲ, ಎರಡೂ ಸೇರಿ ಒಂದೇ ದಪ್ಪ ಪಟ್ಟಿ ಆಗಿವೆ. ಈಗ ಎಂಟು ಪಟ್ಟು. ವ್ಯತ್ಯಾಸ ಮಾಡಿದ್ದು ಒಂದು ಪದರ ಗೋಂದು.

ನಂಬಿಕೆ ಬರದಿದ್ದರೆ ನಿಮ್ಮ ಅಂಗಡಿ ಮುಂದೆ ನಿಂತಿರುವ ಲಾರಿಯ ಕೆಳಗೆ ಬಗ್ಗಿ ನೋಡಿ. ಕಮಾನ್ ಪಟ್ಟೆ ಇದೆ ಅಲ್ವಾ? ಅಷ್ಟೊಂದು ಉಕ್ಕಿನ ಪಟ್ಟಿ ಒಂದರ ಮೇಲೊಂದು. ಯಾರಾದರೂ ಅವನ್ನು ವೆಲ್ಡ್ ಮಾಡಿದ್ದಾರಾ? ನಡುವೆ ಒಂದು ಬೋಲ್ಟು, ಅಲ್ಲೇ ಆಕ್ಸಲ್‌ಗೆ ಬಿಗಿದ ಯೂ ಬೋಲ್ಟುಗಳು. ತುದಿಗಳು ಒಂದರ ಮೇಲೊಂದು ಜಾರಿಕೊಂಡೇ ಹಳ್ಳ ದಿಣ್ಣೆ ನುಂಗುತ್ತವೆ. ಲಾರಿಯ ಮೈಗೆ 'ಹಾರ್ನ್ ಓಕೆ ಪ್ಲೀಸ್' ಅಂಟಿಸುವವರು ಒಂದು ಸಲ ಅದರ ಹೊಟ್ಟೆ ಕೆಳಗೂ ನೋಡಿದ್ದರೆ ನನಗೆ ಇಷ್ಟು ಬರೆಯುವ ಕೆಲಸ ಇರುತ್ತಿರಲಿಲ್ಲ.

ಹಿಡಿಯನ್ನೂ ಹಾಗೇ ಮಾಡಿ. ಸ್ಕ್ವೀಜಿ 10 ಸೆಂ.ಮೀ. ಅಗಲ ಇದ್ದರೆ ನಡುವಿನ 4 ಸೆಂ.ಮೀ. ಮಾತ್ರ ಗಟ್ಟಿಯಾಗಿ ಹಿಡಿಯಿರಿ. ಎರಡೂ ಕಡೆ ಮೂರು ಮೂರು ಸೆಂ.ಮೀ. ಬಿಟ್ಟುಬಿಡಿ. ಮಾಟುಂಗದ ಹೋಟೆಲಿನಲ್ಲಿ ದೋಸೆ ಎಬ್ಬಿಸುವ ಸಟ್ಟುಗ ನೋಡಿದ್ದೀರಲ್ಲ, ಅದರ ಕೈ ಹಿಂದೆ ನಡುವಿಗೆ ಮಾತ್ರ ಸೇರಿರುತ್ತದೆ. ಮುಂದಿನ ತಗಡು ತನ್ನ ಪಾಡಿಗೆ ಕಾವಲಿಗೆ ಒರಗುತ್ತದೆ.

ಇಲ್ಲಿ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ನಡುವೆ ಮಾತ್ರ ಹಿಡಿದರೆ ತುದಿಗಳಿಗೆ ಒತ್ತಡ ಸಾಲುವುದಿಲ್ಲ. ರೆಕ್ಕೆ ಹಿಂದಕ್ಕೆ ಬಾಗಿಕೊಳ್ಳುತ್ತದೆ. ಹಾಗಾಗಿ ಬೆನ್ನಿಗೆ ಮೆತ್ತನೆಯ ಇನ್ನೊಂದು ಪದರ ಬೇಕು. ಬಗ್ಗಬೇಕು, ಆದರೆ ಸ್ವಲ್ಪ ತಡೆಯಲೂ ಬೇಕು. ನಾನು ಬಹಳ ರಬ್ಬರ್ ತಂದು ನೋಡಿದೆ. ಮುಂಬೈಯ ನಾಗದೇವಿ ಸ್ಟ್ರೀಟಿನಲ್ಲಿ ಸಿಗುವ ಶೀಟು ಒಂದೂ ಬಿಟ್ಟಿಲ್ಲ. ಮೊದಲ ನಮೂನೆಗೆ ಎಲ್ಲಕ್ಕಿಂತ ಚೆನ್ನಾಗಿ ಒದಗಿದ್ದು ಹಳೇ ಹವಾಯಿ ಚಪ್ಪಲಿ ಅಟ್ಟೆ. ನಗಬೇಡಿ. ಹಿಮ್ಮಡಿಯ ಭಾಗ ಕತ್ತರಿಸಿ, ಸ್ಕ್ವೀಜಿಯಷ್ಟೇ ಅಗಲ ಇರಲಿ. ಮುಂದಿನ ಅಂಚಿನಿಂದ ಒಳಕ್ಕೆ 2 ಸೆಂ.ಮೀ. ಆಳಕ್ಕೆ ಮೂರು ಸೀಳು ಹಾಕಿ. ನಾಲ್ಕು ಬೆರಳಿನ ಹಾಗೆ ಆಯಿತು. ಈಗ ಪ್ರತಿ ಬೆರಳು ತನ್ನ ಪಾಲಿನ ಉಬ್ಬು ತಗ್ಗು ನೋಡಿಕೊಳ್ಳುತ್ತದೆ.

ಇದನ್ನು ಪಟ್ಟಿಯ ಮೂತಿಯಿಂದ ಎರಡು ಸೆಂ.ಮೀ. ಹಿಂದೆ ಕೂರಿಸಿ. ಪರೀಕ್ಷೆ ಮಾಡಿ ನೋಡದೆ ಈ ಅಂತರದ ಜೊತೆ ಆಟ ಆಡಬೇಡಿ. ಹೊರಗೆ ಉಳಿದ ಉದ್ದ ಅರ್ಧ ಆದರೆ ಬಿಗಿತ ಮತ್ತೆ ಎಂಟು ಪಟ್ಟು. ಒಂದು ಸೆಂ.ಮೀ. ಮುಂದೆ ಹೋದರೆ ಬೇರೆಯೇ ಉಪಕರಣ ಕೈಗೆ ಬರುತ್ತದೆ.

ಮೇಲೆ 4 ಸೆಂ.ಮೀ. ಅಗಲದ ಮರದ ಗಟ್ಟಿ. ಮರ, ಅಟ್ಟೆ, ಪಟ್ಟಿ ಮೂರನ್ನೂ ಸೇರಿಸಿ ನಡುವೆ ಎರಡು ಸ್ಕ್ರೂ. ಒಂದೇ ಹಾಕಿದರೆ ಗಿರಗಿರ ತಿರುಗುತ್ತದೆ. ತಲೆ ಒಳಗೆ ಹುದುಗುವ ಸ್ಕ್ರೂ ಇರಲಿ, ಇಲ್ಲದಿದ್ದರೆ ಗಿರಾಕಿಯ ಬಾನೆಟ್ ಮೇಲೆ ಗೀರು ಬೀಳುತ್ತದೆ. ಗೋಂದು ಬೇಡವೇ ಬೇಡ. ಬಳುಕಿನ ಕಾರಣ ಹೇಳಿಯಾಯಿತು. ಇನ್ನೊಂದು, ಈ ಸ್ಕ್ವೀಜಿಗಳಲ್ಲಿ ಬಹಳಷ್ಟು ಪಾಲಿಪ್ರಾಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಅದಕ್ಕೆ ಸಾದಾ ಗೋಂದು ಕಚ್ಚುವುದಿಲ್ಲ. ನಿಮ್ಮ ಮರದ ಹಿಡಿ ಇವತ್ತಲ್ಲ ನಾಳೆ ಕಿತ್ತು ಬರುತ್ತದೆ.

ಇಷ್ಟು ಪಟ್ಟಿಯ ಕಡೆಯ ಕತೆ. ಕೈ ಕಡೆಗೆ ಬರೋಣ.

ನಿಮ್ಮ ಹೆಬ್ಬೆರಳು ಸೋಲುವುದು ಕೆಲಸ ಜಾಸ್ತಿ ಅಂತ ಮಾತ್ರ ಅಲ್ಲ, ಹಿಡಿತ ತಪ್ಪು ಅಂತ. ತೆಳು ಪಟ್ಟಿಯನ್ನು ನಾವು ಚಿಟಿಕೆಯಲ್ಲಿ ಹಿಡಿಯುತ್ತೇವೆ, ರಂಗೋಲಿ ಪುಡಿ ಹಿಡಿದ ಹಾಗೆ. ಚಿಟಿಕೆಯ ಬಲ ಮುಷ್ಟಿಯ ಬಲದ ಸುಮಾರು ಕಾಲು ಭಾಗ. ಮುಷ್ಟಿಗೆ ಸಿಗುವಂಥ ದಪ್ಪ ಕೊಟ್ಟರೆ ಅರ್ಧ ನೋವು ಅಲ್ಲೇ ಹೋಯಿತು. ಮೂರರಿಂದ ನಾಲ್ಕು ಸೆಂ.ಮೀ. ದಪ್ಪ ಸಾಕು. ನಮ್ಮ ಹುಡುಗರ ಕೈಗೆ ಮೂರೂವರೆ ಒಗ್ಗುತ್ತದೆ. ಪರದೇಶದ ದೊಡ್ಡ ಕೈ ನೋಡಿ ಮಾಡಿದ ಅಳತೆ ತಂದು ಇಲ್ಲಿ ಮಾರುವವರಿದ್ದಾರೆ. ನಮ್ಮ ಜನರ ಮೈಕೈ ಅಳತೆಗಳನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) 1997ರಲ್ಲೇ ಪ್ರಕಟಿಸಿದೆ. ತೆರೆದು ನೋಡುವ ತಾಳ್ಮೆ ಬೇಕಷ್ಟೆ.

ಹಿಡಿ ಗುಂಡಗೆ ಬೇಡ, ಮೊಟ್ಟೆಯ ಆಕಾರಕ್ಕೆ ಇರಲಿ. ಕೊಡಲಿಯ ಕಾವು ಯಾಕೆ ಗುಂಡಗಿಲ್ಲ ಹೇಳಿ? ಗುಂಡಗಿದ್ದರೆ ಅಂಗೈಯಲ್ಲಿ ಉರುಳುತ್ತದೆ, ತಡೆಯಲು ಇನ್ನೂ ಬಿಗಿ ಹಿಡಿಯಬೇಕಾಗುತ್ತದೆ. ಮೊಟ್ಟೆ ಆಕಾರದ್ದಾದರೆ ಬಾಯಿ ಎತ್ತ ತಿರುಗಿದೆ ಎಂದು ನೋಡದೆಯೇ ಕೈಗೆ ಗೊತ್ತಾಗುತ್ತದೆ.

ಉದ್ದ 11 ಸೆಂ.ಮೀ. ಆದರೂ ಇರಲಿ. ಗಿಡ್ಡ ಮಾಡಿದರೆ ತುದಿ ಅಂಗೈ ನಡುವಿಗೆ ಚುಚ್ಚುತ್ತದೆ, ಅಲ್ಲಿ ನರಗಳಿವೆ. 'ಈಗ ತಾನೇ 4 ಸೆಂ.ಮೀ. ಅಂದಿರಿ' ಎಂದು ಕೇಳುತ್ತೀರಿ, ಗೊತ್ತು. ಪಟ್ಟಿಗೆ ತಾಗುವುದು 4 ಸೆಂ.ಮೀ., ಕೈಗೆ ಸಿಗುವುದು 11. ಎರಡರ ನಡುವೆ ಒಂದು ಕುತ್ತಿಗೆ. ಗಾರೆಯವರ ಕರಣೆ ನೋಡಿ, ಹಿಡಿ ತಗಡಿನಿಂದ ಮೇಲೆದ್ದು ನಿಂತಿರುತ್ತದೆ, ಬೆರಳಿನ ಗೆಣ್ಣು ಗೋಡೆಗೆ ಉಜ್ಜುವುದಿಲ್ಲ. ಹಾಗೆ ಹಿಡಿಯ ಎರಡೂ ತುದಿಯ ಕೆಳಗೆ ಒಂದೊಂದು ಸೆಂ.ಮೀ. ಸಂದು ಬಿಟ್ಟರೆ ರೆಕ್ಕೆಗಳು ಬಾಗಲು ಜಾಗ ಉಳಿಯುತ್ತದೆ. ತೋರುಬೆರಳನ್ನು ಕೆಳಗೆ ಚಾಚಿ ರೆಕ್ಕೆ ಒತ್ತಲೂ ಬರುತ್ತದೆ. ಗುಳ್ಳೆ ಎಲ್ಲಿದೆ ಎಂದು ಕಣ್ಣಿಗಿಂತ ಮೊದಲು ಹೇಳುವುದು ಆ ಬೆರಳು. ಅದರ ಜಾಗದಲ್ಲಿ ಮಾತ್ರ ಅಟ್ಟೆಯನ್ನು ತೆಳ್ಳಗೆ ಕೆತ್ತಿ.

ಬೆರಳಿಗೊಂದು ಹಳ್ಳ ಕೊರೆಯಬೇಡಿ! ಡಬ್ಬಿ ಮೇಲೆ 'ಎರ್ಗೊನಾಮಿಕ್' (ಮೈಕೈಗೆ ಒಗ್ಗುವಂಥದ್ದು) ಎಂದು ಅಚ್ಚು ಹಾಕಿ, ನಾಲ್ಕು ಹಳ್ಳ ಕೊರೆದು, ಎರಡು ಪಟ್ಟು ಬೆಲೆ ಹೇಳುವ ಮಾಲು ಪ್ರತಿ ವರ್ಷ ಬರುತ್ತದೆ. ಆ ಹಳ್ಳ ಅಚ್ಚು ಮಾಡಿದವನ ಬೆರಳಿನದು. ನಿಮ್ಮ ಬೆರಳು ಅಲ್ಲಿಗೆ ಸರಿ ಕೂರದಿದ್ದರೆ ಹಳ್ಳದ ದಿಣ್ಣೆ ದಿನವಿಡೀ ಒತ್ತುತ್ತಿರುತ್ತದೆ. ಇನ್ನು ಹಿಡಿ ತುಂಬಾ ಮುಳ್ಳಿನಂಥ ಗುಬುಟು ಇಟ್ಟು 'ಆಕ್ಯುಪ್ರೆಶರ್ ಸ್ಕ್ವೀಜಿ' ಎನ್ನುವವರ ಬಗ್ಗೆ ಬರೆದರೆ ನನ್ನ ಬಿ.ಪಿ. ಏರುತ್ತದೆ.

ಹಿಡಿ ಎಷ್ಟು ವಾಲಿರಬೇಕು ಎಂದು ಖಂಡಿತ ಕೇಳುತ್ತೀರಿ. ಒಂದೇ ಸಂಖ್ಯೆ ಹೇಳಿದರೆ ಮೋಸ ಮಾಡಿದ ಹಾಗೆ. ಕಾರಿನ ಬಾನೆಟ್ ಮಲಗಿದೆ, ಟೆಂಪೊದ ಮೈ ನಿಂತಿದೆ. ನೀವು ದಿನಾ ಯಾವುದು ಜಾಸ್ತಿ ಮಾಡುತ್ತೀರೋ ಅದರ ಮುಂದೆ ನಿಲ್ಲಿ. ಪಟ್ಟಿಯನ್ನು ನೀವು ಕೆಲಸ ಮಾಡುವ ಓರೆಯಲ್ಲೇ ಇಡಿ, ಹೆಚ್ಚಿನವರಿಗೆ ಅದು 45 ಡಿಗ್ರಿ ಆಸುಪಾಸು. ಮಣಿಕಟ್ಟು ನೆಟ್ಟಗಿಟ್ಟು ಮುಷ್ಟಿಯನ್ನು ಅದರ ಬಳಿ ತನ್ನಿ. ಮುಷ್ಟಿಗೂ ಪಟ್ಟಿಗೂ ನಡುವಿನ ಓರೆಯನ್ನು ಯಾರಾದರೂ ಪಕ್ಕದಿಂದ ಫೋಟೊ ತೆಗೆಯಲಿ. ಕುತ್ತಿಗೆ ಅಷ್ಟು ಬಾಗಲಿ. ಹಿಡಿ ಬಾಗಿದರೆ ಕೈ ಬಾಗುವುದು ಬೇಕಿಲ್ಲ.

ಪರೀಕ್ಷೆಗೆ ಬಾನೆಟ್ ಬೇಡ. ಮನೆಯ ಕಿಟಕಿ ಗಾಜಿಗೆ ಸೋಪು ನೀರು ಬಳಿದು ಒಂದೇ ಎಳೆತ ಎಳೆಯಿರಿ. ಆಮೇಲೆ ಸ್ಟೀಲ್ ಕೊಡದ ಹೊಟ್ಟೆಯ ಮೇಲೆ. ನೀರಿನ ಗೆರೆ ಎಲ್ಲಿ ಉಳಿಯಿತೋ ಅಲ್ಲಿ ಒತ್ತಡ ತಲುಪಿಲ್ಲ. ಅಟ್ಟೆಯ ಸೀಳನ್ನು ಸ್ವಲ್ಪ ಆಳ ಮಾಡಿ, ಇಲ್ಲವೇ ಅಟ್ಟೆಯನ್ನೇ ಸ್ವಲ್ಪ ಹಿಂದೆ ಸರಿಸಿ. ನನ್ನ ಮೊದಲ ಐದು ಹಿಡಿ ಕಸಕ್ಕೆ ಹೋಗಿವೆ. ನಿಮ್ಮದೂ ಎರಡು ಹೋಗಲಿ.

ಪ್ರಶ್ನೆ: ರಾತ್ರಿ ಬೆರಳು ಜೋಮು ಹಿಡಿದು ಎಚ್ಚರ ಆಗುತ್ತದೆ. ತಾಮ್ರದ ಕಡಗ ಹಾಕಿದರೆ ಹೋಗುತ್ತಂತೆ, ಹೌದಾ? (ಠಾಣೆ)

ಇಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದರೆ ಮಣಿಕಟ್ಟಿನ ಒಳಗೆ ನರ ಒತ್ತಿಕೊಂಡಿರಬಹುದು. ಮೂಳೆ ಡಾಕ್ಟರಿಗೆ ಈ ವಾರವೇ ತೋರಿಸಿ. ನಾನು ಈ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಹೆದರುತ್ತೇನೆ, ಕಾರಣ ಇದೆ. ಮೂವತ್ತರ ಹೊತ್ತಿಗೆ ನನಗೂ ಇದೇ ಆಗಿತ್ತು. 'ನರ ಸರಿ ಕೂರಿಸ್ತೀನಿ' ಎಂದ ಒಬ್ಬರ ಹತ್ತಿರ ಮೂರು ತಿಂಗಳು ಎಣ್ಣೆ ತಿಕ್ಕಿಸಿಕೊಂಡೆ. ಕೊನೆಗೆ ಆಪರೇಷನ್ ಆಯಿತು. ಆದರೂ ಅಂಗಿಯ ಗುಂಡಿ ಹಾಕುವಾಗ ಬಲ ಹೆಬ್ಬೆರಳು ಇವತ್ತಿಗೂ ತಡಕಾಡುತ್ತದೆ. ಹಿಡಿ ಬದಲಾಯಿಸಿದರೆ ನೋವು ಬರುವುದನ್ನು ತಡೆಯಬಹುದು, ಬಂದ ರೋಗಕ್ಕೆ ಅದು ಔಷಧಿ ಅಲ್ಲ.

ಪ್ರಶ್ನೆ: ರೇಡಿಯಂ ಸ್ಟಿಕ್ಕರ್ ಕೆಲಸ ಮಾಡಿದರೆ ಕೈಗೆ ರೇಡಿಯಂ ಹತ್ತುತ್ತಾ? (ಕಲ್ಯಾಣ)

ಅದರಲ್ಲಿ ರೇಡಿಯಂ ಇಲ್ಲ. ಬೆಳಕನ್ನು ಬಂದ ದಾರಿಗೇ ತಿರುಗಿಸುವ ಸಣ್ಣ ಗಾಜಿನ ಮಣಿ ಅಥವಾ ಪ್ರಿಸಂ ಇರುತ್ತದೆ, ಅಷ್ಟೆ.

ಪ್ರಶ್ನೆ: ಹಿಡಿಯನ್ನು ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ 3ಡಿ ಪ್ರಿಂಟ್ ಮಾಡಿಸಬಹುದಾ? (ಹಡಪ್ಸರ್)

60 ಡಿಗ್ರಿ ಸುತ್ತಮುತ್ತ ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮರೆತರೆ ಬಾಳೆಹಣ್ಣು ಆಗಿರುತ್ತದೆ. ಎಬಿಎಸ್ ಪ್ಲಾಸ್ಟಿಕ್ ಕೇಳಿ.

ಪ್ರಶ್ನೆ: ನಾನು ಹೋಟೆಲಿನ ಗಾಜು ಒರೆಸುವವನು. ಆ ಹಿತ್ತಾಳೆ ಸ್ಕ್ವೀಜಿಯಲ್ಲಿ ರಬ್ಬರ್ ಸಡಿಲ ಆಗುತ್ತದೆ, ಗೋಂದು ಹಾಕಲಾ? (ಪೊರ್ವೊರಿಂ, ಗೋವಾ)

ಮತ್ತೆ ಗೋಂದು! ಕ್ಯಾಲಿಫೋರ್ನಿಯಾದಲ್ಲಿ ಎಟೊರೆ ಸ್ಟೆಕೋನೆ 1936ರಲ್ಲಿ ಆ ಉಪಕರಣಕ್ಕೆ ಪೇಟೆಂಟ್ ತೆಗೆದುಕೊಂಡವರು. ಅದರ ಜಾಣತನ ಇರುವುದೇ ರಬ್ಬರ್ ಕಾಲುವೆಯೊಳಗೆ ಜಾರಿ ಕೂರುವುದರಲ್ಲಿ, ಸವೆದರೆ ಎಳೆದು ತಿರುಗಿಸಿ ಹಾಕಬಹುದು. ಕ್ಲಿಪ್ ಬದಲಾಯಿಸಿ.

ಪ್ರಶ್ನೆ: ಮನೆಯಲ್ಲೇ ಟಿ-ಶರ್ಟ್ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತೇನೆ. ಸ್ಕ್ವೀಜಿ ಎಳೆದು ಎಳೆದು ಮಣಿಕಟ್ಟು ನೋವು. (ಡೊಂಬಿವಲಿ)

ಎಳೆಯಬೇಡಿ ಅಮ್ಮ, ತಳ್ಳಿ. ಮೈಭಾರ ಕೆಲಸ ಮಾಡಲಿ. ಟೇಬಲ್ ಎತ್ತರವನ್ನೂ ನೋಡಿ.

ಪ್ರಶ್ನೆ: ನಾನೇ ಒಂದು ಹೊಸ ಹಿಡಿ ಮಾಡಿದ್ದೇನೆ. ಸ್ಟಿಕ್ಕರ್‌ನವರ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಫೋಟೊ ಹಾಕಿದೆ, ತುಂಬಾ ಮೆಚ್ಚಿದರು. ಪೇಟೆಂಟ್ ಮಾಡಿಸುವುದು ಹೇಗೆ? (ಪಿಂಪ್ರಿ)

ಆಕಾರ ಮಾತ್ರ ಹೊಸದಾದರೆ ಅದು ಡಿಸೈನ್ ನೋಂದಣಿಯ ವಿಷಯ. 2000ದ ಕಾಯ್ದೆಯ ಪ್ರಕಾರ 10 ವರ್ಷ, ಮೇಲೆ ಇನ್ನೊಂದು 5 ವರ್ಷ ರಕ್ಷಣೆ. ಕೆಲಸ ಮಾಡುವ ರೀತಿಯೇ ಹೊಸದಾದರೆ ಪೇಟೆಂಟ್, 20 ವರ್ಷ. ಮುಂಬೈಯ ಆಂಟಾಪ್ ಹಿಲ್‌ನಲ್ಲಿ ಪೇಟೆಂಟ್ ಕಚೇರಿ ಇದೆ. ಆದರೆ ಎರಡಕ್ಕೂ ಒಂದೇ ಮೊದಲ ಷರತ್ತು: ಅರ್ಜಿ ಹಾಕುವ ಮೊದಲು ಊರಿಗೆಲ್ಲ ತೋರಿಸಿರಬಾರದು. ನೀವು ತೋರಿಸಿಯಾಗಿದೆ. ಆ ಫೋಟೊ ನನಗೂ ಬಂದಿತ್ತು. ಕಳಿಸಿದವರು ನೀವಲ್ಲ. ವಸಯಿಯ ಒಬ್ಬರು, 'ನನ್ನ ಹೊಸ ಡಿಸೈನ್, ಹೇಗಿದೆ ಸರ್?' ಎಂದು ಕೇಳಿದ್ದರು.